ದೀಪದ ಬಕಾರಿಯ ಊರಿನಲ್ಲಿ ಹನ್ನೊಂದು ದಿನ

ಡೊಂಬಿವಲಿ

ಆಫ್ರಿಕಾಕ್ಕೆ ಹೋಗಿ ಬಂದೆ ಎಂದರೆ ಡೊಂಬಿವಲಿಯ ನಮ್ಮ ಸೊಸೈಟಿಯವರು ಕೇಳುವ ಮೊದಲ ಪ್ರಶ್ನೆ, ಸಿಂಹ ನೋಡಿದಿರಾ ಎಂದು. ನೋಡಲಿಲ್ಲ. ಹನ್ನೊಂದು ದಿನಗಳಲ್ಲಿ ನಾನು ಕಂಡ ಅತಿ ಭಯಂಕರ ಪ್ರಾಣಿ ಎಂದರೆ ಅಲ್ಲಿಯ ಮೇಯರ್ ಸಾಹೇಬರ ಹೋತ. ಅದು ನನ್ನ ಬ್ಯಾಗಿನ ಬೆಲ್ಟನ್ನು ಅಗಿದು ನುಂಗಿತು. ಎರಡನೆಯ ಪ್ರಶ್ನೆ, ನಿಮ್ಮಂಥ ರಿಟೈರ್ಡ್ ಮನುಷ್ಯನಿಗೆ ಅಲ್ಲೇನು ಕೆಲಸ ಎಂದು. ಅದಕ್ಕೆ ಉತ್ತರ ಉದ್ದವಿದೆ. ಲಿಫ್ಟಿನ ಮುಂದೆ ನಿಂತು ಹೇಳುವಂಥದ್ದಲ್ಲ.

ನಾನು ಸವಣೂರಿನ ಕಡೆಯ ಹಿರೇಮಠ. ಇಪ್ಪತ್ತನೇ ವಯಸ್ಸಿಗೆ ಹುಬ್ಬಳ್ಳಿಯಲ್ಲಿ ಮೀಟರ್ ಗೇಜಿನ ಉಗಿ ಎಂಜಿನ್ ಹತ್ತಿ, ಫಾಯರ್‌ಮನ್ ಎಂದು ಕಲ್ಲಿದ್ದಲು ಎರಚಲು ಶುರುಮಾಡಿದವನು, ಕಲ್ಯಾಣದ ಲೋಕೋ ಶೆಡ್ಡಿನಲ್ಲಿ ಇನ್ಸ್‌ಪೆಕ್ಟರನಾಗಿ ನಿವೃತ್ತನಾದೆ. ನನಗೆ ತಿಳಿಯದ ಎಂಜಿನ್ ಇಲ್ಲ ಎಂದು ನಾನು ಹೇಳಿದಾಗಲೆಲ್ಲ ಹೆಂಡತಿ ಗಿರಿಜಾ ಮನೆಯ ಮಿಕ್ಸರ್ ರಿಪೇರಿಯ ವಿಷಯ ತೆಗೆಯುತ್ತಾಳೆ. ಅದು ಬೇರೆ ಮಾತು.

ನವಿ ಮುಂಬಯಿಯ ರಬಾಳೆಯಲ್ಲಿ ಒಂದು ಕಂಪನಿ ಇದೆ. ನಮ್ಮಲ್ಲಿ ಮೀಟರ್ ಗೇಜ್ ಕಿತ್ತುಹಾಕಿದ ಮೇಲೆ ಕೆಲಸವಿಲ್ಲದೆ ನಿಂತ ಡೀಸೆಲ್ ಎಂಜಿನ್ನುಗಳನ್ನು ಬಿಚ್ಚಿ, ತೊಳೆದು, ಹೊಸ ಬಣ್ಣ ಬಳಿದು, ಆ ಅಳತೆಯ ಹಳಿ ಇನ್ನೂ ಇರುವ ದೇಶಗಳಿಗೆ ಕಳಿಸುತ್ತದೆ. ಹಾಗೆ ಒಂದು ಎಂಜಿನ್ ಪಶ್ಚಿಮ ಆಫ್ರಿಕಾದ ಸೆನೆಗಲ್‌ಗೆ ಹೋಯಿತು. ಅದನ್ನು ಓಡಿಸುವವರಿಗೆ ಕಲಿಸಲು ನನ್ನನ್ನು ಕಳಿಸಿದರು. ಅಲ್ಲಿ ಬಹುಕಾಲ ಫ್ರೆಂಚರ ಆಳ್ವಿಕೆ ಇದ್ದುದರಿಂದ ಕಚೇರಿಯ ಭಾಷೆ ಇವತ್ತಿಗೂ ಫ್ರೆಂಚ್. ನನಗೆ ಅದರ ಗಂಧ ಗಾಳಿ ಇಲ್ಲ. ಆದ್ದರಿಂದ ಕಂಪನಿಯ ಅನುವಾದದ ಹುಡುಗಿ ವಿದ್ಯಾಳನ್ನು ಜೊತೆಗೆ ಹಾಕಿದರು.

ವಿದ್ಯಾ ಸೀವುಡ್ಸಿನವಳು, ಮೂಲ ಉಡುಪಿ. ಅವಳಪ್ಪ ನೆರೂಳಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಮನೆಯಲ್ಲಿ ತುಳು, ಕಾಲೇಜಿನಲ್ಲಿ ಫ್ರೆಂಚ್, ಲೋಕಲ್ ಟ್ರೇನಿನಲ್ಲಿ ಹಿಂದಿ, ಅಜ್ಜಿಯ ದೆಸೆಯಿಂದ ಕನ್ನಡ.

“ಅಂಕಲ್, ನೀವು ಟೆನ್ಶನ್ ತಗೊಳ್ಬೇಡಿ ಆಯ್ತಾ? ಅವರು ಎಂತ ಹೇಳಿದ್ರೂ ನಾನು ನಿಮಗೆ ಹೇಳ್ತೇನೆ,” ಎಂದಳು ವಿಮಾನ ನಿಲ್ದಾಣದಲ್ಲಿ.

“ನನಗ್ಯಾಕವಾ ಟೆನ್ಶನ್ನು? ಎಂಜಿನ್ ಯಾವ ದೇಶಕ್ಕ ಹೋದ್ರೂ ಎಂಜಿನ್ನ,” ಎಂದೆ.

ಹೀಗಾಗಿ ಆ ಹನ್ನೊಂದು ದಿನ ಇಡೀ ಸೆನೆಗಲ್ ದೇಶ ನನ್ನೊಡನೆ ಉಡುಪಿ ಕನ್ನಡದಲ್ಲಿ ಮಾತಾಡಿತು. ಮುಂದೆ ಬರುವ ಆಫ್ರಿಕಾದವರು “ಎಂತ”, “ಉಂಟು” ಎಂದರೆ ಓದುಗರು ನಗಬಾರದು.

ಡಕಾರ್

ಡಕಾರಿನಲ್ಲಿ ಇಳಿದ ತಕ್ಷಣ ಕಸ್ಟಮ್ಸಿನವರು ನನ್ನ ಚೀಲ ಬಿಚ್ಚಿಸಿದರು. ಒಳಗೆ ಗಿರಿಜಾ ಕಟ್ಟಿಕೊಟ್ಟ ಕೆಂಪು ಪುಡಿಯ ಡಬ್ಬಿ ಎರಡು. ಒಂದು ಕುಂಕುಮ, ಒಂದು ಶೇಂಗಾ ಚಟ್ನಿ. ಅಧಿಕಾರಿ ಎರಡನ್ನೂ ಮೂಸಿದ. ವಿದ್ಯಾ ಒಂದು ದೇವರಿಗೆ, ಒಂದು ಬಾಯಿಗೆ ಎಂದು ವಿವರಿಸಿದಳು. ಆತ ಬಾಯಿಯದ್ದನ್ನು ಬೆರಳ ತುದಿಯಿಂದ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, ಪಕ್ಕದವನನ್ನು ಕರೆದ. ಅವನೂ ನೆಕ್ಕಿದ. ಶೇಂಗಾ ಅವರ ದೇಶದ ಮುಖ್ಯ ಬೆಳೆ. ಅದಕ್ಕೆ ಇಷ್ಟು ಖಾರ ಹಾಕಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲವಂತೆ. ಅರ್ಧ ಡಬ್ಬಿ ಅಲ್ಲೇ ಖಾಲಿಯಾಯಿತು.

ನನಗೆ ಕಷ್ಟವಾದದ್ದು ಅವರ ನಮಸ್ಕಾರ. ಯಾರೇ ಸಿಗಲಿ, ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ತಾಯಿ ಹೇಗಿದ್ದಾಳೆ, ಬೆಳಗು ಹೇಗಿದೆ ಎಂದು ಒಂದೊಂದಾಗಿ ಕೇಳಬೇಕು. ಅವರು ಹೇಳುವವರೆಗೂ ಕಾಯಬೇಕು. ಆಮೇಲೆ ಅವರು ಕೇಳುತ್ತಾರೆ. ನಾನು ಮೂವತ್ತು ವರ್ಷ ಏಳೂ ಇಪ್ಪತ್ತರ ಫಾಸ್ಟ್ ಟ್ರೇನು ನಿಲ್ಲುವ ಮುಂಚೆಯೇ ಅದರೊಳಗೆ ಜಿಗಿದು ಬಾಳಿದವನು. ಪಕ್ಕದ ಮನೆಯ ಕುಲಕರ್ಣಿಯನ್ನು ಹುಬ್ಬೆತ್ತಿ ಮಾತಾಡಿಸಿದರೆ ಅದೇ ಹೆಚ್ಚು. ಮೊದಲ ದಿನ ಒಬ್ಬ ಟ್ಯಾಕ್ಸಿಯವನನ್ನು ಹಾಗೆ ಹುಬ್ಬೆತ್ತಿ ಕರೆದೆ. ಅವನು ಮುಖ ತಿರುಗಿಸಿ ಹೊರಟೇ ಹೋದ.

“ಅಂಕಲ್, ಪ್ಲೀಸ್, ಅವರ ಅಮ್ಮ ಹೇಗಿದ್ದಾರೆ ಅಂತ ಕೇಳಿ ಮಾರಾಯ್ರೆ. ಎಂತ ಹೋಗ್ತದೆ ನಿಮ್ಮದು?” ಎಂದು ವಿದ್ಯಾ ಬೈದಳು. ಎರಡನೆಯ ದಿನದಿಂದ ಕೇಳಲು ಕಲಿತೆ. ನಾಲ್ಕನೆಯ ದಿನಕ್ಕೆ ಉತ್ತರ ಕೇಳಿಸಿಕೊಳ್ಳಲೂ ಕಲಿತೆ.

ಒಳನಾಡಿನ ಸ್ಟೇಷನ್

ನಾವು ಹೋದ ಊರಿನ ಹೆಸರು ಬರೆಯುವುದಿಲ್ಲ. ಇದು ಒಂದು ಮನೆತನದ ವಿಷಯ, ಆ ಮನೆಯ ಹಿರಿಯಳಿಗೆ ನಾನು ಮಾತು ಕೊಟ್ಟು ಬಂದಿದ್ದೇನೆ. ಡಕಾರಿನಿಂದ ಪೂರ್ವಕ್ಕೆ ಇಡೀ ದಿನದ ದಾರಿ. ದಾರಿಯುದ್ದಕ್ಕೂ ಆನೆಯ ಕಾಲಿನಂಥ ಬುಡದ ಮರಗಳು. ನಮ್ಮ ಸವಣೂರಿನಲ್ಲಿ ದೊಡ್ಡ ಹುಣಸೆ ಎಂದು ಕರೆಯುವ ಮೂರು ಮರಗಳಿವೆ. ಹೊರಗಿನವರು ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದೇ ಮರ ಇಲ್ಲಿ ನಮ್ಮ ಜಾಲಿಯಷ್ಟು ಸಾಮಾನ್ಯ. ನಾನು ಮೂರು ಎಣಿಸಿ, ಮೂವತ್ತು ಎಣಿಸಿ, ಆಮೇಲೆ ಎಣಿಸುವುದನ್ನೇ ಬಿಟ್ಟೆ.

ಊಟಕ್ಕೆ ಏನು ಗತಿ ಎಂದು ವಿದ್ಯಾ ಹೆದರಿದ್ದಳು. ಸ್ಟೇಷನ್ ಮಾಸ್ತರ ಇಬ್ರಾನ ಹೆಂಡತಿ ಸಜ್ಜೆ ಹಿಟ್ಟಿನ ಉಪ್ಪಿಟ್ಟಿನಂಥ ಉದುರನ್ನೂ, ಶೇಂಗಾದ ಗಟ್ಟಿ ಸಾರನ್ನೂ, ಹುಳಿಸೊಪ್ಪಿನ ಪಲ್ಯವನ್ನೂ ತಂದಿಟ್ಟಳು. ಪಲ್ಯ ಬಾಯಿಗಿಟ್ಟೆ. ಪುಂಡಿ! ನಮ್ಮ ಕಡೆಯ ಅಪ್ಪಟ ಪುಂಡಿಪಲ್ಯ! ನಾನು ಎದ್ದು ನಿಂತುಬಿಟ್ಟೆ. ಉಡುಪಿಯ ಹುಡುಗಿಗೆ ಅದರ ಬೆಲೆ ಏನು ಗೊತ್ತು? “ತುಂಬ ಹುಳಿ ಅಂಕಲ್,” ಎಂದು ಮುಖ ಕಿವುಚಿದಳು. ಅವಳ ಪಾಲನ್ನೂ ನಾನೇ ತಿಂದೆ.

ಮರುದಿನ ಮೇಯರ್ ಸಾಹೇಬರು ಸ್ಟೇಷನ್ನಿನ ದೀಪದ ಕೋಣೆಯನ್ನು ತೋರಿಸಿದರು. ಸಿಗ್ನಲ್ಲಿಗೆ ಎಣ್ಣೆ ದೀಪ ಇಡುತ್ತಿದ್ದ ಕಾಲದ ಕೋಣೆ. ಗೋಡೆಯ ಮೇಲೆ ಒಬ್ಬ ತೆಳ್ಳನೆಯ ಮನುಷ್ಯನ ಚಿತ್ರ, ಮೈಮೇಲೆ ಕೂಲಿಯ ನೀಲಿ ಅಂಗಿ. ಹೆಸರು ಬಕಾರಿ. ಊರೆಲ್ಲ ಅವನನ್ನು ದೀಪದ ಬಕಾರಿ ಎನ್ನುತ್ತದೆ. ನಮ್ಮ ಎಂಜಿನ್ನಿಗೆ ಅವನ ಹೆಸರಿಡಬೇಕೆಂದು ಊರಿನ ಆಸೆ.

ಬಕಾರಿ ಶೇಂಗಾ ಬೆಳೆಯುವವರ ಮಗ. ಫ್ರೆಂಚರ ಕಾಲದಲ್ಲಿ ಕಪ್ಪು ಜನರು ವರ್ಷಕ್ಕಿಷ್ಟು ದಿನ ಬಿಟ್ಟಿ ಕೆಲಸ ಮಾಡಲೇಬೇಕಿತ್ತು. ಅವನು ರಸ್ತೆಗೆ ಕಲ್ಲು ಹೊತ್ತು ದೊಡ್ಡವನಾದ. ದೀಪದ ಕೋಣೆಯಲ್ಲಿ ಕೆಲಸ ಸಿಕ್ಕಿದಾಗ ಓದಲು ಅಲ್ಲಿದ್ದದ್ದು ರೈಲ್ವೆ ನಿಯಮಗಳ ಪುಸ್ತಕ ಒಂದೇ. ಬತ್ತಿ ಕತ್ತರಿಸುತ್ತ ಅದರಲ್ಲೇ ಅಕ್ಷರ ಕಲಿತ. ಆಮೇಲೆ ಉಳಿದ ಕೂಲಿಗಳ ಪರವಾಗಿ ಅರ್ಜಿ ಬರೆಯತೊಡಗಿದ. ಇಪ್ಪತ್ತು ವರ್ಷ ದುಡಿದ ಕಪ್ಪು ನೌಕರನೂ ಕಾಗದದ ಮೇಲೆ ಹಂಗಾಮಿ. ಪಿಂಚಣಿ ಇಲ್ಲ, ಮನೆ ಇಲ್ಲ. ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುವ ಬಿಳಿಯನಿಗೆ ಎಲ್ಲ ಉಂಟು. ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಕ್ಕೆ ಆ ಮಾರ್ಗದಲ್ಲಿ ದೊಡ್ಡ ಮುಷ್ಕರವಾಯಿತು. ತಿಂಗಳುಗಟ್ಟಲೆ ನಡೆಯಿತು. ಬಕಾರಿ ಎರಡು ವರ್ಷ ಜೈಲು ಸೇರಿದ.

ಹೊರಬಂದವನನ್ನು ಜನ ಪ್ರಾಂತದ ಸಭೆಗೆ ಆರಿಸಿ ಕಳಿಸಿದರು. ಸಭೆಯಲ್ಲಿ ಗವರ್ನರ್ ನಿಮ್ಮ ಉದ್ಯೋಗವೇನೆಂದು ಕೇಳಿದಾಗ, ಸದಸ್ಯ ಎನ್ನಲಿಲ್ಲ, ದೀಪ ಹಚ್ಚುವವನು ಎಂದನಂತೆ. ಊರಿಗೆ ಬಾವಿ ತಂದ, ಹೆಣ್ಣುಮಕ್ಕಳ ಶಾಲೆ ತಂದ. ಸ್ವಾತಂತ್ರ್ಯ ಬಂದಾಗ ರಾಜಧಾನಿಯ ವೇದಿಕೆಯ ಮೇಲೆ ಕುಳಿತಿದ್ದ. ಮೊದಲ ಸಂಸತ್ತಿಗೂ ಗೆದ್ದ. ಎರಡನೆಯ ಸಲ ಸೋತ.

“ಸೋತದ್ದು ಯಾಕ?” ಎಂದೆ.

ಮೇಯರ್ ಹಳಿಯ ಆಚೆ ಕೈ ತೋರಿಸಿದರು. ಅಲ್ಲಿ ಬೇಲಿಗಳ ನಡುವೆ ಒಂದು ದೊಡ್ಡ ಕೇರಿ. “ಅವನ ಹೆಂಡತಿಯ ತವರು. ಅವರು ಒಂದು ಓಟೂ ಹಾಕ್ಲಿಲ್ಲ. ಹೆಂಡತಿ ಮಗಳನ್ನು ಕರ್ಕೊಂಡು ಆಚೆ ಹೋದವಳು ವಾಪಸ್ ಬರ್ಲೇ ಇಲ್ಲ. ಆ ಮಗಳು ಇನ್ನೂ ಇದ್ದಾರೆ. ಅವರು ಒಪ್ಪದೆ ಹೆಸರಿಡ್ಲಿಕ್ಕೆ ಆಗುವುದಿಲ್ಲ. ಅವರು ಒಪ್ಪುವುದೂ ಇಲ್ಲ,” ಎಂದು ವಿದ್ಯಾಳ ಬಾಯಿಂದ ಹೇಳಿದರು. ಕಾರಣ ಕೇಳಿದ್ದಕ್ಕೆ, ಹಳೇ ಕಥೆ, ಬಿಡಿ ಎಂದರು. ನಾನೂ ಬಿಟ್ಟೆ. ನನ್ನ ತಲೆಯಲ್ಲಿ ಎಂಜಿನ್ನಿನ ಬ್ರೇಕು ಕುಳಿತಿತ್ತು.

ಗುರುವಾರ

ಗುರುವಾರ ಎಂಜಿನ್ನಿನ ಮೊದಲ ಓಟ. ಇಲ್ಲಿ ನಾನು ಮಾಡಿದ ಕೆಲಸವನ್ನು ಕಲ್ಯಾಣದವನು ಬಿಟ್ಟು ಬೇರೆ ಯಾರೂ ಮಾಡುತ್ತಿರಲಿಲ್ಲ.

ನಮ್ಮ ಶೆಡ್ಡಿನಲ್ಲಿ ಡ್ರೈವರ್ ನಿವೃತ್ತನಾಗುವ ದಿನ ಎಂಜಿನ್ನಿಗೆ ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಹಳಿಯ ಮೇಲೆ ಸಾಲಾಗಿ ಪಟಾಕಿ ಕಟ್ಟುತ್ತೇವೆ. ಪಟಾಕಿ ಎಂದರೆ ದೀಪಾವಳಿಯದ್ದಲ್ಲ. ಶೂ ಪಾಲಿಶ್ ಡಬ್ಬಿಯಂಥ ಚಪ್ಪಟೆ ತಗಡು, ಗಾಲಿ ಹತ್ತಿದರೆ ಢಂ ಎನ್ನುತ್ತದೆ. ಮಂಜು ಕವಿದಾಗ, ಮುಂದೆ ಅಪಾಯವಿದ್ದಾಗ ಡ್ರೈವರನಿಗೆ ಕಿವಿಯಿಂದ ತಿಳಿಸುವ ಸಂಕೇತ ಅದು. ಬೀಳ್ಕೊಡುಗೆಯ ದಿನ ಮಾತ್ರ ಸಲಾಮಿಗೆ ಇಡುತ್ತೇವೆ. ನನ್ನದಕ್ಕೆ ಹನ್ನೊಂದು ಇಟ್ಟಿದ್ದರು. ಗಿರಿಜಾ ಕಿವಿ ಮುಚ್ಚಿಕೊಂಡು ಅತ್ತಿದ್ದಳು.

ಹೊಸ ಎಂಜಿನ್ನಿಗೂ ಅಂಥ ಮರ್ಯಾದೆ ಆಗಲಿ ಎಂದು ನನಗೆ ಹುಮ್ಮಸ್ಸು. ಸ್ಟೇಷನ್ ಉಗ್ರಾಣದಲ್ಲಿ ಡಬ್ಬಿಗಳಿದ್ದವು. ಇಬ್ರಾ ಡಕಾರಿನಿಂದ ಹೊಸದಾಗಿ ವರ್ಗವಾಗಿ ಬಂದವನು, ನಗುತ್ತಲೇ ಹತ್ತು ಕೊಟ್ಟ. ಹಳಿಯ ಬದಿಗೆ ಜನ ಜಮಾಯಿಸಿದ್ದರು. ಕುಂಕುಮ ಹಚ್ಚಿದೆ, ಗಾಲಿಗೆ ನಿಂಬೆಹಣ್ಣು ಇಟ್ಟೆ, ಕಾಗದದ ಹೂವಿನ ಮಾಲೆ ಹಾಕಿದೆ, ಕೈಬೀಸಿದೆ. ಎಂಜಿನ್ ಹೊರಟಿತು.

ಮೊದಲ ಢಂ ಶಬ್ದಕ್ಕೆ ಮುದುಕರು ನೆಲಕ್ಕೆ ಬಿದ್ದರು. ಎರಡನೆಯದಕ್ಕೆ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಓಡಿದರು. ಹತ್ತನೆಯದಕ್ಕೆ ಪ್ಲಾಟ್‌ಫಾರ್ಮಿನ ಮೇಲೆ ಉಳಿದದ್ದು ನಾನು, ಇಬ್ರಾ ಮತ್ತು ಮೇಯರ್ ಸಾಹೇಬರ ಹೋತ.

ವಿದ್ಯಾಳೊಡನೆ ತಿರುಗಿ ಬಂದ ಮೇಯರ್ ಸಾಹೇಬರು ಅಂದು ನಮಸ್ಕಾರ ಮಾಡದೆಯೇ ಮಾತು ಶುರುಮಾಡಿದರು. ಅದರಲ್ಲೇ ನನಗೆ ಅರ್ಥವಾಯಿತು. ಬಕಾರಿ ಜೈಲಿಗೆ ಹೋದದ್ದು ಇದೇ ಹಳಿಯ ಮೇಲಿನ ಸ್ಫೋಟಕ್ಕಾಗಿಯಂತೆ. ಮುಷ್ಕರ ಮುರಿದು ಓಡಿಸಿದ ರೈಲನ್ನು ಸಿಡಿಸಲು ನೋಡಿದ ಎಂದು ಆರೋಪ. ಆ ಎಂಜಿನ್ನಿನಲ್ಲಿ ಫಾಯರ್‌ಮನ್ ಆಗಿದ್ದವನು ಅವನ ಹೆಂಡತಿಯ ಸ್ವಂತ ತಮ್ಮ, ಡೆಂಬಾ ಎಂಬ ಹತ್ತೊಂಬತ್ತರ ಹುಡುಗ. ಬಾವನೇ ತನ್ನನ್ನು ಕೊಲ್ಲಲು ನೋಡಿದ ಎಂದು ಅವನು ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಸಿಪಾಯಿಗಳು ಆಗ ಕೇರಿಗೆ ನುಗ್ಗಿ ಗುಂಡು ಹಾರಿಸಿದ್ದು ಊರಿಗೆ ಇನ್ನೂ ನೆನಪಿದೆ. ಮುಷ್ಕರದವರು ಅದು ಬರೀ ಸಂಕೇತ ಎಂದರು. ಆಚೆಯವರು ನಂಬಲಿಲ್ಲ.

ಪರದೇಶಕ್ಕೆ ಬಂದು, ಕೇಳದೆ ತಿಳಿಯದೆ, ಅವರ ಹುಣ್ಣಿನ ಮೇಲೆ ಹತ್ತು ಸಲ ಬಡಿದಿದ್ದೆ.

ಹಳಿಯ ಆಚೆ

ಶುಕ್ರವಾರ ಬೆಳಿಗ್ಗೆ ಬಕಾರಿಯ ಮಗಳಿಂದ ಕರೆ ಬಂತು. ಅವಾ ಎಂದು ಹೆಸರು, ಎಂಬತ್ತನಾಲ್ಕು ವರ್ಷ, ಅಪ್ಪ ತಂದ ಅದೇ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರತಿಯಾಗಿ ಮುಪ್ಪಾದವರು. ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ವಿದ್ಯಾಳೂ, ದಾರಿ ತೋರಿಸಲು ಇಬ್ರಾನೂ ಜೊತೆಗೆ ಬಂದರು.

ಮರದ ಕೆಳಗೆ ಚಾಪೆ. ಅವಾ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು, ಕೈಯಲ್ಲಿ ಬೆತ್ತ. ನಾನು ಅವರ ಮನೆ, ಮಕ್ಕಳು, ಆರೋಗ್ಯ, ಬೆಳಗು ಎಲ್ಲವನ್ನೂ ಕೇಳಿದೆ. ಅವರು ಉತ್ತರಿಸಿ, ನನ್ನ ಗಿರಿಜಾಳನ್ನೂ ವಿಚಾರಿಸಿಕೊಂಡರು. ಚಿಕ್ಕ ಗಾಜಿನ ಲೋಟಗಳಲ್ಲಿ ಕಹಿ ಚಹ ಬಂತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬೆತ್ತ ಎತ್ತಿ ತಡೆದರು.

“ನಿನ್ನೆ ನಿಮ್ಮ ಎಂಜಿನಿನ ಗಾಲಿಗೆ ಎಂತ ಆಯ್ತು ಅಂತ ಕೇಳ್ತಿದ್ದಾರೆ ಅಂಕಲ್,” ಎಂದಳು ವಿದ್ಯಾ.

“ಏನೂ ಆಗಲಿಲ್ಲ.”

“ಹಳಿಗೆ?”

“ಏನೂ ಇಲ್ಲ. ಕರೇ ಮಸಿ ಆಗೇತಿ, ಒರೆಸಿದರ ಹೋಗತೈತಿ.”

“ಹತ್ತು ಸಲ ಸಿಡಿದು ಏನೂ ಆಗ್ಲಿಲ್ವಾ?”

“ಅದಕ್ಕಿಂತ ನಿಂಬೆಹಣ್ಣ ಜೋರ್ ಸಿಡದೈತ್ರಿ,” ಎಂದುಬಿಟ್ಟೆ. ವಿದ್ಯಾ ನನ್ನನ್ನು ಕಣ್ಣಲ್ಲೇ ಸುಟ್ಟಳು, ಆದರೂ ಅನುವಾದಿಸಿದಳು. ಅಜ್ಜಿ ನಗಲಿಲ್ಲ.

“ನಾನು ಏಳು ವರ್ಷದವಳಿದ್ದಾಗ ಅದನ್ನು ಕೇಳಿದ್ದು. ಮೂರು ಸಲ. ಒಂದು ಢಂ. ಸ್ವಲ್ಪ ಬಿಟ್ಟು ಇನ್ನೊಂದು. ಸ್ವಲ್ಪ ಬಿಟ್ಟು ಮತ್ತೊಂದು. ಡೆಂಬಾ ಮಾವನೂ ಸಾಯುವವರೆಗೆ ಹಾಗೇ ಹೇಳ್ತಿದ್ದ. ಮೂರು ಬಾಂಬು, ನನಗಾಗಿ ಮೂರು ಬಾಂಬು ಇಟ್ಟ ನಿನ್ನ ಅಪ್ಪ ಅಂತ.”

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಮೂರು. ಅಂತರ ಬಿಟ್ಟು ಮೂರು. ರೈಲಿನಲ್ಲಿ ದುಡಿದ ಯಾವನಿಗಾದರೂ ಅದರ ಅರ್ಥ ನಿದ್ದೆಗಣ್ಣಿನಲ್ಲೂ ಗೊತ್ತು.

ಚಹದ ಮೂರು ಲೋಟಗಳನ್ನು ಚಾಪೆಯ ಮೇಲೆ ಗೇಣು ಗೇಣು ಬಿಟ್ಟು ಸಾಲಾಗಿ ಇಟ್ಟೆ. ನನ್ನ ಬೆರಳೇ ಎಂಜಿನ್. “ಅಜ್ಜಿ, ಕೊಲ್ಲಾವ ಹಿಂಗ ಎಣಿಸಿ, ಅಂತರಾ ಅಳದು ಇಡೂದಿಲ್ಲರಿ. ಇದು ನಿಲ್ಲು ಅನ್ನೂ ಸಂಕೇತ. ಮೂರು ಶಬ್ದಾ ಕೇಳಿದ ಡ್ರೈವರ್ ಅಲ್ಲೇ ಬ್ರೇಕ್ ಹಾಕಬೇಕು. ಗಾಡಿ ನಿಂತಿತೋ ಇಲ್ಲೋ?”

“ನಿಂತಿತು. ಬಿಳಿಯ ಡ್ರೈವರ್ ಕೂಡಲೇ ನಿಲ್ಲಿಸಿದ.”

“ಮತ್ತ? ನಿಮ್ಮಪ್ಪ ನಿಲ್ರಿ ಅಂದ್ರು. ಅವ ನಿಲ್ಲಿಸಿದ. ಅಷ್ಟ.”

ಅಜ್ಜಿಗೆ ಸಿಟ್ಟು ಬಂತು. ಬೆತ್ತ ನೆಲಕ್ಕೆ ಬಡಿದರು. “ಮುಷ್ಕರದವರೂ ಇದನ್ನೇ ಹೇಳಿದ್ದು. ನಮ್ಮ ಇಡೀ ಕೇರಿ ಇಷ್ಟು ವರ್ಷ ಮಂಗ ಆಗಿತ್ತು ಅಂತಾನಾ ಇವನು ಹೇಳುವುದು? ಪುಸ್ತಕ ಎಲ್ಲಿ? ನನಗೆ ಬರೆದದ್ದು ಬೇಕು!”

ಇಬ್ರಾ ಓಡಿಹೋಗಿ ದೀಪದ ಕೋಣೆಯ ಹಳೆಯ ನಿಯಮಪುಸ್ತಕ ತಂದ. ಬಕಾರಿ ಅಕ್ಷರ ಕಲಿತದ್ದು ಇದರಲ್ಲೇ. ಅಂಚುಗಳಲ್ಲಿ ಎಣ್ಣೆಯ ಬೆರಳಚ್ಚುಗಳು ಇನ್ನೂ ಇದ್ದವು. ವಿದ್ಯಾ ಪುಟ ಹುಡುಕಿ ಕೊಟ್ಟಳು. ಅಜ್ಜಿ ಕನ್ನಡಕ ಹಾಕಿಕೊಂಡು ತಾವೇ ಓದಿದರು. ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು. ಮೂರನೆಯ ಸಲ ಜೋರಾಗಿ ಓದಿದರು. ಮೂರು, ಅಂತರ ಬಿಟ್ಟು, ತಕ್ಷಣ ನಿಲ್ಲಿಸತಕ್ಕದ್ದು. ಸಂಶಯಕ್ಕೆ ಜಾಗವಿರಲಿಲ್ಲ.

ನಾನು ಗೆದ್ದೆ ಎಂದುಕೊಂಡೆ. ಬೆನ್ನು ಚಪ್ಪರಿಸುವವರಿಗಾಗಿ ಆಚೀಚೆ ನೋಡಿದೆ. ಅಷ್ಟರಲ್ಲಿ ಅಜ್ಜಿ ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು.

“ನೀವೂ ಮೊದಲು ಫಾಯರ್‌ಮನ್ ಆಗಿದ್ದಿರಂತೆ ಅಲ್ವಾ? ಇದು ಫಾಯರ್‌ಮನ್ನಿಗೂ ಗೊತ್ತಿರ್ತದಾ?”

ವಿದ್ಯಾ ಅನುವಾದಿಸಿ ಮುಗಿಸುವ ಹೊತ್ತಿಗೆ ಅವಳಿಗೂ ಪ್ರಶ್ನೆಯ ತೂಕ ತಿಳಿದಿತ್ತು. ಅವಳ ಧ್ವನಿ ಇಳಿಯಿತು. ಮೊದಲ ದಿನದ ಪಾಠವೇ ಅದು. ಹುಬ್ಬಳ್ಳಿಯಲ್ಲಿ ನನಗೆ ಸಲಿಕೆ ಹಿಡಿಯಲು ಕಲಿಸುವ ಮುಂಚೆ ಪಟಾಕಿಯ ಲೆಕ್ಕ ಕಲಿಸಿದ್ದರು. ಹೂಂ ಎಂದರೆ ಅವರ ಅಪ್ಪ ನಿರಪರಾಧಿ, ಆದರೆ ಅವರನ್ನು ಎತ್ತಿ ಆಡಿಸಿದ ಮಾವ ಗೊತ್ತಿದ್ದೂ ಸುಳ್ಳು ಹೇಳಿದವನು. ನಾನು ಸಾಲಾಗಿಟ್ಟ ಲೋಟಗಳನ್ನು ಮತ್ತೆ ಒಂದು ಕಡೆ ಕೂಡಿಸತೊಡಗಿದೆ.

“ಅಂಕಲ್, ಗೊತ್ತಿಲ್ಲ ಅಂತ ಹೇಳ್ಬಿಡ್ಲಾ? ಛೋಡೋ ನಾ,” ಎಂದಳು ವಿದ್ಯಾ ಮೆಲ್ಲಗೆ.

ಅಜ್ಜಿ ಮಾಸ್ತರತಿ. ಸುಳ್ಳು ಹೇಳುವ ಮಕ್ಕಳ ಮುಖವನ್ನು ನಲವತ್ತು ವರ್ಷ ಓದಿದವರು. “ಬ್ಯಾಡವಾ. ಖರೇನ ಹೇಳು,” ಎಂದೆ. “ಗೊತ್ತಿರತೈತಿ. ಮೊದಲನೇ ದಿನಾನ ಹೇಳಿಕೊಡ್ತಾರ.”

ಅಜ್ಜಿ ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಚಹ ತಣ್ಣಗಾಯಿತು. ನನಗೆ ಎದ್ದು ಓಡಿಹೋಗಬೇಕೆನಿಸಿತು.

“ಡೆಂಬಾ ಹೆದರಿದ್ದ,” ಎಂದರು ಕೊನೆಗೆ. “ಬಾವ ಹೇಳಿದ್ದಕ್ಕೆ ಗಾಡಿ ನಿಂತಿತು ಅಂತ ಆದ್ರೆ, ಇವನೂ ಅವರ ಜನ ಅಂತ ಸಿಪಾಯಿಗಳು ಎಳ್ಕೊಂಡು ಹೋಗ್ತಿದ್ರು. ಬಾಂಬು ಅಂದ. ಬಿಳಿಯ ಡ್ರೈವರನಿಗೂ ಕೋರ್ಟಿಗೂ ಅದೇ ಬೇಕಿತ್ತು. ಇವನು ಬದುಕಿಕೊಂಡ. ಆಮೇಲೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದು ಅವನೇ.”

“ನಿಮ್ಮಪ್ಪ ಕೋರ್ಟನ್ಯಾಗ ಏನ ಹೇಳಿದ್ರು?”

“ಒಂದು ಮಾತೂ ಹೇಳ್ಲಿಲ್ಲ. ಎಲ್ಲರಿಗೂ ಅರ್ಜಿ ಬರೆದುಕೊಟ್ಟ ಮನುಷ್ಯ ತನಗೋಸ್ಕರ ಬಾಯಿ ಬಿಡ್ಲಿಲ್ಲ. ತಪ್ಪಿತಸ್ಥ, ಅದಕ್ಕೇ ಸುಮ್ಮನಿದ್ದಾನೆ ಅಂತ ಅಮ್ಮ ಅಂದುಕೊಂಡಳು. ಅವನ ಹೆಸರು ಹೇಳದೆ ಸತ್ತಳು.” ಅಜ್ಜಿ ಕಣ್ಣೊರೆಸಿಕೊಳ್ಳಲಿಲ್ಲ. ನೀರು ಹಾಗೇ ಇಳಿಯಿತು. “ಬಾಯಿ ಬಿಟ್ಟಿದ್ರೆ ಡೆಂಬಾ ಜೈಲಿಗೆ ಹೋಗ್ತಿದ್ದ. ಇಬ್ಬರೂ ನನ್ನನ್ನು ಸಾಕಿದ್ರು. ಒಬ್ಬ ಸುಳ್ಳು ಹೇಳಿ, ಇನ್ನೊಬ್ಬ ಸುಮ್ಮನಿದ್ದು.”

ವಿದ್ಯಾ ಇದನ್ನು ಹೇಳಿ ಮುಗಿಸಿ ತಾನೇ ಅತ್ತಳು. ಗುರುತಿಲ್ಲದ ಊರಿನ ಚಾಪೆಯ ಮೇಲೆ ಕುಳಿತು ನಾವು ಮೂವರೂ ಅತ್ತೆವು.

ಶನಿವಾರ

ಶನಿವಾರ ಅವಾ ಅಜ್ಜಿ ತಮ್ಮ ಕೇರಿಯ ಹಿರಿಯರನ್ನೆಲ್ಲ ಮರದ ಕೆಳಗೆ ಸೇರಿಸಿದರು. ನಮಗೆ ಬರಬೇಡಿ ಎಂದಿದ್ದರು. ಮಧ್ಯಾಹ್ನವಿಡೀ ಹಳಿಯ ಈಚೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಆಚೆಯ ಕೂಗಾಟ ಕೇಳಿದೆವು. ಎಲ್ಲಕ್ಕಿಂತ ದೊಡ್ಡ ದನಿ ಒಂದಿತ್ತು. ಅದು ಡೆಂಬಾನ ಹಿರಿಯ ಮಗನದು ಎಂದು ಇಬ್ರಾ ಹೇಳಿದ. ಸತ್ತ ಅಪ್ಪನನ್ನು ಸುಳ್ಳುಗಾರ ಎಂದರೆ ಯಾವ ಮಗ ಸುಮ್ಮನಿರುತ್ತಾನೆ?

“ನಾವು ಮಾಡಿದ್ದು ಸರಿಯಾ ಅಂಕಲ್? ಒಂದು ಮನೆ ಕೂಡಿಸ್ಲಿಕ್ಕೆ ಹೋಗಿ ಇನ್ನೊಂದು ಒಡೆದು ಹಾಕಿದ್ವಾ?”

“ನನಗ ಎಂಜಿನ್ ಅಷ್ಟ ತಿಳೀತೈತವಾ,” ಎಂದೆ. ಆ ಮಾತನ್ನು ಜೀವನದಲ್ಲಿ ಮೊದಲ ಸಲ ತಗ್ಗಿದ ದನಿಯಲ್ಲಿ ಹೇಳಿದ್ದೆ.

ಸಂಜೆಗೆ ಮುಂಚೆ ಅಜ್ಜಿಯ ಮೊಮ್ಮಗಳು ಹಳಿ ದಾಟಿ ಬಂದು ಮೇಯರಿಗೆ ಒಂದು ಚೀಟಿ ಕೊಟ್ಟಳು. ಅಜ್ಜಿ ಒಪ್ಪಿದ್ದರು, ಒಂದು ಷರತ್ತಿನ ಮೇಲೆ. ಎಂಜಿನ್ನಿಗೆ ಎರಡು ಮಗ್ಗುಲಿವೆ, ಎರಡು ಹೆಸರು ಬರೆಯಬೇಕು. ಸ್ಟೇಷನ್ನಿನ ಕಡೆಗೆ ಡೆಂಬಾ. ತವರು ಕೇರಿಯ ಕಡೆಗೆ ಬಕಾರಿ.

ಮೇಯರ್ ತಲೆ ಕೆರೆದುಕೊಂಡರು. ಉಲ್ಟಾ ಆಗಿರಬೇಕು, ನಮ್ಮವನ ಹೆಸರು ನಮ್ಮ ಕಡೆಗೆ ಇರಬೇಡವೆ ಎಂದರು. ಮುಷ್ಕರ ಮುರಿದವನ ಹೆಸರನ್ನು ನಮ್ಮವರು ದಿನಾ ಓದಬೇಕೆ ಎಂದು ಈಚೆಯವರೂ ಗೊಣಗಿದರು. ಚೀಟಿಯ ಕೆಳಗೆ ಅಜ್ಜಿ ದುಂಡಗೆ ಬರೆದಿದ್ದರು, ಉಲ್ಟಾ ಅಲ್ಲ ಎಂದು.

ಬಣ್ಣದವನು ಕತ್ತಲಾಗುವುದರೊಳಗೆ ಎರಡೂ ಕಡೆ ಹಳದಿ ಅಕ್ಷರ ಬರೆದು ಮುಗಿಸಿದ. ಅಕ್ಷರದ ಕೆಳಗೆ ರಬಾಳೆಯಲ್ಲಿ ಬಳಿದ ಹಸಿರು ಬಣ್ಣ ಚೆನ್ನಾಗಿಯೇ ಕಾಣುತ್ತಿತ್ತು.

ಭಾನುವಾರ

ಭಾನುವಾರ ಬೆಳಿಗ್ಗೆ ಸ್ಟೇಷನ್ನಿನ ಕಡೆ ಶಾಮಿಯಾನ, ಮೈಕು, ಕುರ್ಚಿ. ಮೇಯರ್ ಸಾಹೇಬರ ಭಾಷಣ ಶುರುವಾಗಿತ್ತು. ಅವಾ ಅಜ್ಜಿಯ ಕುರ್ಚಿ ಖಾಲಿ. ನಾನು ಎಂಜಿನ್ನಿನ ಕ್ಯಾಬಿನಲ್ಲಿ ಹೊಸ ಡ್ರೈವರನ ಪಕ್ಕ ನಿಂತಿದ್ದೆ. ಬರಲಿಲ್ಲ, ಕೇರಿಯವರು ಬಿಟ್ಟಿಲ್ಲ, ಎಲ್ಲ ನನ್ನಿಂದಲೇ ಹಾಳಾಯಿತು ಎಂದುಕೊಂಡೆ.

ಆಗ ಡ್ರೈವರ್ ನನ್ನ ತೋಳು ಮುಟ್ಟಿ ಇನ್ನೊಂದು ಕಿಟಕಿಯತ್ತ ತೋರಿಸಿದ. ಹೋಗಿ ಬಗ್ಗಿ ನೋಡಿದೆ. ಎಂಜಿನ್ನಿನ ಆಚೆ ಮಗ್ಗುಲಲ್ಲಿ, ಶಾಮಿಯಾನದವರಿಗೆ ಕಾಣದ ಹಾಗೆ, ಬಿಸಿಲಿನಲ್ಲಿ ಇಡೀ ಕೇರಿ ನಿಂತಿತ್ತು. ಹೆಂಗಸರು ಹಬ್ಬದ ಬಟ್ಟೆ ಉಟ್ಟಿದ್ದರು. ಮುದುಕರು ಬೇಲಿಯ ಹತ್ತಿರವೇ ಉಳಿದಿದ್ದರು. ಅವರ ಮುಂದೆ ಬಿಳಿ ಟೋಪಿಯ ಎತ್ತರದ ಮನುಷ್ಯ, ಕೈ ಕಟ್ಟಿಕೊಂಡು, ಬಾಯಿ ಬಿಗಿದುಕೊಂಡು. ಡೆಂಬಾನ ಮಗ ಅವನೇ ಎಂದು ಯಾರೂ ಹೇಳಬೇಕಿರಲಿಲ್ಲ. ವಿದ್ಯಾ ಶಾಮಿಯಾನ ಬಿಟ್ಟು ಎಂಜಿನ್ನಿನ ಸುತ್ತ ಓಡಿ ಬಂದು ಕೆಳಗೆ ನಿಂತಳು.

ಅವಾ ಅಜ್ಜಿ ಎಂಜಿನ್ನಿನ ಹತ್ತಿರ ನಡೆದು ಬಂದರು. ಬೆತ್ತ ಎತ್ತಿ, ಕರಿಹಲಗೆಯ ಮೇಲೆ ತೋರಿಸುವ ಹಾಗೆ, ಹಳದಿ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಕೇರಿಯ ಕಡೆ ತಿರುಗಿದರು.

“ಓದಿ ಅಂತಿದ್ದಾರೆ,” ಎಂದಳು ವಿದ್ಯಾ ಕೆಳಗಿನಿಂದ.

ಯಾರೂ ಓದಲಿಲ್ಲ. ಆಚೆಯಿಂದ ಮೇಯರ್ ಸಾಹೇಬರ ಮೈಕು ಮಾತ್ರ ಕೇಳುತ್ತಿತ್ತು.

ಅಜ್ಜಿ ತಾವೇ ಹೇಳಿದರು. “ಬಕಾರಿ.” ಅವರ ತಾಯಿ ಇದ್ದಷ್ಟು ಕಾಲ ಆ ಕೇರಿಯಲ್ಲಿ ಯಾರೂ ಎತ್ತದ ಹೆಸರು ಅದು. ಅವರು ಮತ್ತೆ ಬೆತ್ತ ಎತ್ತಿದರು. ಈ ಸಲ ಅವರ ಹಳೆಯ ವಿದ್ಯಾರ್ಥಿನಿಯರು, ಈಗ ಅಜ್ಜಿಯರಾದವರು, ಅಭ್ಯಾಸಬಲದಿಂದಲೋ ಏನೋ ಹೇಳಿಬಿಟ್ಟರು. ಅವರ ಹಿಂದೆ ಮಕ್ಕಳು ಹೇಳಿದರು. ಬೇಲಿಯ ಹತ್ತಿರದ ಮುದುಕರು ತುಟಿ ಅಲ್ಲಾಡಿಸಿದರು.

ಬಿಳಿ ಟೋಪಿಯವನು ಸುಮ್ಮನೇ ನಿಂತಿದ್ದ. ಅಜ್ಜಿ ಅವನ ಮುಂದೆ ಹೋಗಿ ನಿಂತರು. ಅವನ ಎದೆಯ ಮಟ್ಟಕ್ಕೂ ಬರಲಿಲ್ಲ. ಬೈಯಲಿಲ್ಲ, ಬೇಡಲಿಲ್ಲ, ಕಾದರು. ಅವನು ಎಂಜಿನ್ನಿನ ಮೇಲಿನ ಅಕ್ಷರ ನೋಡಿದ, ಅವರನ್ನು ನೋಡಿದ. ಕಟ್ಟಿದ್ದ ಕೈ ಬಿಚ್ಚಿದ.

“ಬಕಾರಿ,” ಎಂದ.

ಅಜ್ಜಿ ಕಿವಿಗೆ ಕೈ ಇಟ್ಟರು. ವಿದ್ಯಾ ನನಗೆ ಅನುವಾದಿಸುವ ಅಗತ್ಯವೇ ಇರಲಿಲ್ಲ, ಆದರೂ ಅಳುತ್ತ ನಗುತ್ತ ಕೂಗಿ ಹೇಳಿದಳು.

“ಇನ್ನೊಮ್ಮೆ ಅಂತಿದ್ದಾರೆ ಅಂಕಲ್. ಜೋರಾಗಿ.”